ಮಾರ್ಕ್ಸ್ ಇಲ್ಲದ ಒಂದು ಗಂಟೆ: ಕಲಾ ವಿದ್ಯಾರ್ಥಿಗಳು ಹೊಸ ಹವ್ಯಾಸ ಹಿಡಿಯುವ ಬಗೆ

ಚಿತ್ರಕಲೆ ಓದಲು ಸೇರಿದ ಎರಡನೇ ವರ್ಷಕ್ಕೆ ನನಗೆ ಕುಂಚ ಮುಟ್ಟುವುದೇ ಬೇಡ ಅನ್ನಿಸಿತ್ತು. ಮೊದಲ ವರ್ಷ ಹಾಗಿರಲಿಲ್ಲ. ಆ ಫೌಂಡೇಶನ್ ವರ್ಷದಲ್ಲಿ ಮಣ್ಣು ಕಲಸುತ್ತಿದ್ದೆವು, ಅಕ್ಷರ ಬರೆಯುತ್ತಿದ್ದೆವು, ಬಸ್ ಸ್ಟ್ಯಾಂಡಿನಲ್ಲಿ ಕೂತು ಸ್ಕೆಚ್ ಮಾಡುತ್ತಿದ್ದೆವು. ಆಮೇಲೆ ಪೇಂಟಿಂಗ್, ಶಿಲ್ಪ, ಗ್ರಾಫಿಕ್ಸ್ (ಅಚ್ಚು ತೆಗೆಯುವ ಕಲೆ), ಅನ್ವಯಿಕ ಕಲೆ (ಜಾಹೀರಾತು, ವಿನ್ಯಾಸ) ಅಂತ ಒಂದನ್ನು ಆರಿಸಿಕೊಳ್ಳಬೇಕು. ನಾನು ಪೇಂಟಿಂಗ್ ಅಂದೆ. ಅಲ್ಲಿಂದ ಮುಂದೆ ಬರೆದದ್ದೆಲ್ಲ ಸಬ್ಮಿಷನ್‌ಗೆ. ತಿಂಗಳಿಗೆ ಇಷ್ಟು ಸ್ಕೆಚ್, ಇಷ್ಟು ಕ್ಯಾನ್ವಾಸ್, ಇಷ್ಟು ಮಾರ್ಕ್ಸ್. ಬಾಲ್ಯದಿಂದ ಖುಷಿ ಕೊಟ್ಟದ್ದೇ ಈಗ ಹೊರೆಯಾಗಿತ್ತು. ಬೇರೆ ಓದುವವರಿಗೆ ಬೇಸರವಾದರೆ ಅವರು ಚಿತ್ರ ಬರೆಯುತ್ತಾರೆ. ಚಿತ್ರವನ್ನೇ ಓದುವವರು ಏನು ಮಾಡಬೇಕು?

ಆ ವರ್ಷ ದೀಪಾವಳಿ ರಜೆಗೆ ಧಾರವಾಡದ ದೊಡ್ಡವ್ವನ ಮನೆಗೆ ಹೋಗಿದ್ದೆ. ಅವಳು ಕಸೂತಿ ಹಾಕುತ್ತಾಳೆ. ಸುಮ್ನೆ ಪಕ್ಕದಲ್ಲಿ ಕೂತವಳ ಕೈಗೆ ಒಂದು ತುಂಡು ಬಟ್ಟೆ, ಸೂಜಿ ಕೊಟ್ಟಳು. ನಾನು ಕಣ್ಣಳತೆಯಲ್ಲೇ ಗೆರೆ ಎಳೆಯಲು ಹೋದೆ. ದೊಡ್ಡವ್ವ ಕೈ ಹಿಡಿದಳು. 'ಎಣಿಸಿ ಹಾಕವಾ, ನೋಡಿ ಹಾಕಬ್ಯಾಡ' ಅಂದಳು. ಕಾಲೇಜಿನಲ್ಲಿ 'ನೋಡು, ನೋಡು' ಅಂತ ಕಲಿತವಳಿಗೆ ಆ ಮಾತು ತಲೆಗೆ ತಟ್ಟಿತು. ಅವತ್ತು ಮೂರು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಆಮೇಲೆ ನಾನು ಬೇರೆ ಬೇರೆ ಕೆಲಸ ಹಿಡಿದೆ, ಕೆಲವನ್ನು ಬಿಟ್ಟೆ. ಹಿಡಿದದ್ದು ಯಾಕೆ, ಬಿಟ್ಟದ್ದು ಯಾಕೆ ಅಂತ ಬರೆದಿಟ್ಟೆ. ನನ್ನ ಕೈ ಎಂಥದ್ದು ಅಂತ ನನಗೆ ತಿಳಿದದ್ದು ಹಾಗೆ. ನಿಮಗೂ ಈಗ ಅದೇ ಮಂಕು ಕವಿದಿದ್ದರೆ ಈ ಕ್ರಮ ಮಾಡಿ ನೋಡಿ. ಆರು ವಾರ ಸಾಕು.

ಮೊದಲು ಹೊತ್ತು ಗೊತ್ತು ಮಾಡಿ

ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ. ಇದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಸಬ್ಮಿಷನ್ ವಾರದಲ್ಲಿ ಕೈಬಿಟ್ಟು ಹೋಗುತ್ತದೆ. ಆರು ವಾರದಲ್ಲಿ ಎರಡೇ ಹವ್ಯಾಸ, ಒಂದೊಂದಕ್ಕೆ ಮೂರು ವಾರ. ಮೊದಲ ವಾರ ಎಲ್ಲವೂ ಹೊಸದು, ಆದ್ದರಿಂದ ಎಲ್ಲವೂ ಚೆಂದ. ಎರಡನೇ ವಾರ ಕೈ ಮಾತು ಕೇಳುವುದಿಲ್ಲ, ಸಿಟ್ಟು ಬರುತ್ತದೆ. ನಿಜ ಗೊತ್ತಾಗುವುದು ಮೂರನೇ ವಾರದಲ್ಲಿ. ಅಷ್ಟರೊಳಗೆ ಬಿಟ್ಟರೆ ನಿಮಗೆ ಆ ಕೆಲಸ ಸೇರಲಿಲ್ಲವೋ, ಬರೀ ಕಷ್ಟವಾಯಿತೋ ತಿಳಿಯುವುದಿಲ್ಲ.

ದುಡ್ಡಿಗೂ ಒಂದು ಮಿತಿ ಹಾಕಿಕೊಳ್ಳಿ. ಒಂದು ಹವ್ಯಾಸಕ್ಕೆ 500 ರೂಪಾಯಿ ಅಂದುಕೊಳ್ಳಿ. ದೊಡ್ಡ ಕಿಟ್ ಕೊಂಡರೆ ಹಾಕಿದ ದುಡ್ಡಿಗಾಗಿ ಮುಂದುವರಿಸುತ್ತೀರಿ, ಇಷ್ಟಕ್ಕಾಗಿ ಅಲ್ಲ. ಹಾಸ್ಟೆಲಿನಲ್ಲಿದ್ದರೆ ನಾಲ್ಕು ಜನ ಸೇರಿ ಸಾಮಾನು ತನ್ನಿ.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಈ ಆರು ವಾರ ಮಾಡಿದ್ದನ್ನು ಇನ್‌ಸ್ಟಾಗ್ರಾಮಿಗೆ ಹಾಕಬೇಡಿ. ವಾಟ್ಸಾಪ್ ಸ್ಟೇಟಸ್ಸಿಗೂ ಬೇಡ. ಹತ್ತು ಜನ ಯಾವುದನ್ನು ಮೆಚ್ಚಿದರೋ ಮರುದಿನ ನೀವು ಅದನ್ನೇ ಮಾಡುತ್ತೀರಿ. ಆಗ ಅದು ಇನ್ನೊಂದು ರೀತಿಯ ಮಾರ್ಕ್ಸ್ ಆಗುತ್ತದೆ.

ನೋಟ್‌ಬುಕ್ ನೀವೇ ಹೊಲಿಯಿರಿ

ಬರೆದಿಡಲು ಒಂದು ಪುಸ್ತಕ ಬೇಕು. ಅಂಗಡಿಯಿಂದ ತರಬೇಡಿ, ಹೊಲಿಯಿರಿ. ಅರ್ಧ ಗಂಟೆಯ ಕೆಲಸ. ಚೆಂದದ ಪುಸ್ತಕ ಕೊಂಡರೆ ಅದರಲ್ಲಿ ಕೆಟ್ಟದಾಗಿ ಬರೆಯಲು ಹೆದರಿಕೆಯಾಗುತ್ತದೆ. ಸ್ವಲ್ಪ ಸೊಟ್ಟಗಿರುವ, ನಾವೇ ಹೊಲಿದ ಪುಸ್ತಕಕ್ಕೆ ಆ ಹೆದರಿಕೆ ಇಲ್ಲ.

ಎ-4 ಅಳತೆಯ 8 ಹಾಳೆ ತೆಗೆದುಕೊಳ್ಳಿ. ಒಂದೊಂದನ್ನೂ ಮಧ್ಯಕ್ಕೆ ಮಡಚಿ, ಒಂದರೊಳಗೆ ಒಂದು ಸೇರಿಸಿ. 32 ಪುಟ ಆಯಿತು. ಹೊರಗೆ ರಟ್ಟಿಗೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯೋ ಸ್ವೀಟ್ ಬಾಕ್ಸಿನ ಮುಚ್ಚಳವೋ ಸಾಕು. ಎಲ್ಲವನ್ನೂ ಬಿಡಿಸಿ, ಮಡಿಕೆಯ ಗೆರೆಯ ಮೇಲೆ ಮೂರು ಗುರುತು ಮಾಡಿ: ಸರಿಯಾಗಿ ಮಧ್ಯಕ್ಕೆ ಒಂದು, ಮೇಲಂಚು ಕೆಳಂಚಿನಿಂದ 4 ಸೆಂ.ಮೀ. ಒಳಗೆ ಒಂದೊಂದು. ದಬ್ಬಣದಿಂದ ತೂತು ಮಾಡಿ. ಸುಮಾರು 60 ಸೆಂ.ಮೀ. ಗಟ್ಟಿ ಹತ್ತಿ ದಾರಕ್ಕೆ ಮೇಣದ ಬತ್ತಿ ಉಜ್ಜಿ, ಸಿಕ್ಕಾಗುವುದಿಲ್ಲ.

ಈಗ ಸೂಜಿಯನ್ನು ಒಳಗಿನಿಂದ ಮಧ್ಯದ ತೂತಿನಲ್ಲಿ ಹೊರಗೆ ತೆಗೆಯಿರಿ. ದಾರದ ತುದಿ ನಾಲ್ಕು ಬೆರಳಷ್ಟು ಒಳಗೆ ಉಳಿಯಲಿ. ಹೊರಗಿನಿಂದ ಮೇಲಿನ ತೂತಿಗೆ ಹೋಗಿ ಒಳಗೆ ಬನ್ನಿ. ಮಧ್ಯದ ತೂತನ್ನು ಬಿಟ್ಟು ನೇರ ಕೆಳಗಿನ ತೂತಿಗೆ ಹೋಗಿ ಹೊರಗೆ ತೆಗೆಯಿರಿ. ಮತ್ತೆ ಹೊರಗಿನಿಂದ ಮಧ್ಯದ ತೂತಿಗೆ ಬಂದು ಒಳಗೆ ಎಳೆಯಿರಿ. ಒಳಗೆ ಉದ್ದಕ್ಕೆ ಒಂದು ಹೊಲಿಗೆ ಕಾಣುತ್ತದಲ್ವಾ, ಅದರ ಆ ಕಡೆ ಒಂದು ತುದಿ, ಈ ಕಡೆ ಒಂದು ತುದಿ ಇರಲಿ. ಎರಡನ್ನೂ ಸೇರಿಸಿ ಗಂಟು ಹಾಕಿ. ಪುಸ್ತಕ ಸಿದ್ಧ.

ದಿನಕ್ಕೊಂದು ಪುಟ. ತಾರೀಖು, ಎಷ್ಟು ಹೊತ್ತು ಕೂತಿರಿ, ಏನು ಮಾಡಿದಿರಿ, ಎಲ್ಲಿ ಕೈ ನಿಂತಿತು. ಇಷ್ಟೇ. 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬ ಎರಡು ಮಾತು ಈ ಪುಸ್ತಕದಲ್ಲಿ ಬರಬಾರದು. ಅದನ್ನು ಹೇಳಲು ಕಾಲೇಜಿನಲ್ಲಿ ಸಾಕಷ್ಟು ಜನ ಇದ್ದಾರೆ. ಹೊತ್ತನ್ನು ಮಾತ್ರ ತಪ್ಪದೆ ಬರೆಯಿರಿ. ಗಂಟೆ ಅಂದುಕೊಂಡು ಇಪ್ಪತ್ತು ನಿಮಿಷಕ್ಕೆ ಎದ್ದರೆ 20 ಅಂತಲೇ ಬರೆಯಿರಿ. ಕೊನೆಯಲ್ಲಿ ಅದೇ ನಿಮ್ಮ ಕೈಯ ಗುಟ್ಟು ಬಿಟ್ಟುಕೊಡುತ್ತದೆ.

ಯಾವುದನ್ನು ಹಿಡಿಯಬೇಕು?

ನಿಮ್ಮ ವಿಷಯಕ್ಕೆ ದೂರವಾದದ್ದನ್ನು. ಪೇಂಟಿಂಗ್ ಓದುವವರು ಜಲವರ್ಣದಿಂದ ಗ್ವಾಶ್‌ಗೆ (ಅಡಿ ಕಾಣದಂತೆ ಮುಚ್ಚುವ ದಪ್ಪ ಜಲವರ್ಣ) ಹೋದರೆ ಅದು ಹವ್ಯಾಸವಲ್ಲ, ಅಭ್ಯಾಸದ ಮುಂದುವರಿಕೆ. ಕುಂಚ ಬೇಡದ್ದನ್ನು ನೋಡಿ. ಶಿಲ್ಪದವರು ತೂಕವಿಲ್ಲದ್ದನ್ನು ನೋಡಿ. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ಅನ್ವಯಿಕ ಕಲೆಯವರು ಕೈಗೆ ಮಣ್ಣೋ ದಾರವೋ ಹತ್ತುವಂಥದ್ದನ್ನು ನೋಡಿ. ಗೊತ್ತಿಲ್ಲದ ಕೆಲಸದಲ್ಲಿ ನಾವು ಮೊದಲಿನಿಂದ ಕಲಿಯಬೇಕು. ಅಲ್ಲಿ ಕಾಲೇಜಿನ ಚಾಳಿ ನಡೆಯುವುದಿಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಉಡುಪಿ ಹತ್ತಿರದ ಹಳ್ಳಿಯಿಂದ ಮುಂಬೈಗೆ ಹೋದವರು. ಚಿತ್ರಕಾರರಾಗಿದ್ದೂ ಲಯ ತಿಳಿಯಬೇಕೆಂದು ಕಥಕ್ ಕಲಿತರು. ಅವರ ನೃತ್ಯದ ರೇಖಾಚಿತ್ರಗಳಲ್ಲಿ ಒಂದೇ ಗೆರೆ ಸೊಂಟದಿಂದ ಹಿಮ್ಮಡಿಯವರೆಗೆ ಇಳಿಯುವುದನ್ನು ನೋಡಿ. ಬರೀ ಕೂತು ನೋಡಿದವರ ಗೆರೆ ಅದಲ್ಲ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಚಿತ್ರ ಕಲಿತು ಬಂದವರು. ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು. ರವೀಂದ್ರನಾಥ ಟಾಗೋರರದ್ದು ಇದರ ತಿರುವು. ಬರವಣಿಗೆಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಜೋಡಿಸಿ ಆಕಾರ ಮಾಡುತ್ತಿದ್ದವರು ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಗಟ್ಟಿಯಾಗಿ ಇಳಿದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು.

ಹಾಡು, ಕುಣಿತ, ವಾದ್ಯ ಯಾವುದಾದರೂ ಸರಿ. ನಾನು ಕೈಗೆಲಸದ ದಾರಿ ಹಿಡಿದೆ, ಆದ್ದರಿಂದ ಅದನ್ನೇ ವಿವರವಾಗಿ ಹೇಳಬಲ್ಲೆ.

ಬಿಸಿಲಲ್ಲಿ ಅಚ್ಚು

ಕುಂಚ, ಪೆನ್ಸಿಲ್, ಕ್ಯಾಮೆರಾ ಏನೂ ಬೇಡದ ಚಿತ್ರ ಇದು. ಹೆಸರು ಸಯನೋಟೈಪ್. ಇಂಗ್ಲೆಂಡಿನ ಜಾನ್ ಹರ್ಶೆಲ್ 1842ರಲ್ಲಿ ಕಂಡುಹಿಡಿದರು. ಮರುವರ್ಷವೇ ಆನಾ ಅಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಸಮುದ್ರದ ಪಾಚಿಗಳನ್ನು ಕಾಗದದ ಮೇಲಿಟ್ಟು ಈ ರೀತಿ ಅಚ್ಚು ತೆಗೆಯಲು ಶುರು ಮಾಡಿದರು. ಇಂಜಿನಿಯರುಗಳು ಕಟ್ಟಡದ ನಕ್ಷೆಯ ಪ್ರತಿ ತೆಗೆಯುತ್ತಿದ್ದದ್ದೂ ಇದರಲ್ಲೇ. ನೀಲಿ ಹಿನ್ನೆಲೆ, ಬಿಳಿ ಗೆರೆ. ನಾವು ದಿನಾ ಹೇಳುವ 'ನೀಲನಕ್ಷೆ'ಯ ನೀಲಿ ಇದೇ.

ಎರಡು ರಾಸಾಯನಿಕ ಬೇಕು: ಫೆರಿಕ್ ಅಮೋನಿಯಂ ಸಿಟ್ರೇಟ್ (ಹಸಿರು ಬಣ್ಣದ್ದು) ಮತ್ತು ಪೊಟ್ಯಾಶಿಯಂ ಫೆರ್ರಿಸಯನೈಡ್. ಕಾಲೇಜುಗಳ ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಕೇಳಿ. ಎರಡನೆಯದರ ಹೆಸರು ಕೇಳಿ ಹೆದರಬೇಡಿ, ಆದರೆ ಹುಡುಗಾಟವನ್ನೂ ಮಾಡಬೇಡಿ. ಅದಕ್ಕೆ ಆಸಿಡ್ ಬೆರೆಸಬಾರದು, ಅದನ್ನು ಕಾಯಿಸಬಾರದು, ವಿಷದ ಗಾಳಿ ಬರುತ್ತದೆ. ಕೈಗೆ ಗ್ಲೌಸ್ ಹಾಕಿ, ಕೆಳಗೆ ಪೇಪರ್ ಹಾಸಿ. ಅಡುಗೆಮನೆಯ ಪಾತ್ರೆ, ಚಮಚ ಮುಟ್ಟಲೇಬೇಡಿ. ಮಕ್ಕಳಿರುವ ಮನೆಯಾದರೆ ಬಾಟಲಿ ಬೀಗದೊಳಗೆ ಇರಲಿ.

ಮೊದಲನೆಯದು 5 ಗ್ರಾಂ, 20 ಮಿ.ಲೀ. ನೀರಿಗೆ. ಎರಡನೆಯದು 2 ಗ್ರಾಂ, ಇನ್ನೊಂದು 20 ಮಿ.ಲೀ. ನೀರಿಗೆ. ಬೇರೆ ಬೇರೆ ಕಂದು ಬಾಟಲಿಯಲ್ಲಿ ಇಡಿ, ಔಷಧಿಯ ಖಾಲಿ ಬಾಟಲಿ ತೊಳೆದು ಹೆಸರು ಅಂಟಿಸಿದರೆ ಆಯಿತು. ಬೇಕಾದಾಗ ಎರಡನ್ನೂ ಸಮ ಅಳತೆಯಲ್ಲಿ ಬೆರೆಸಿ. ಒಂದು ಎ-4 ಹಾಳೆಗೆ 2-3 ಮಿ.ಲೀ. ಸಾಕು. ಕಾಗದ ಜಲವರ್ಣದ ದಪ್ಪ ಕಾಗದವೇ ಆಗಿರಲಿ, ತೆಳುವಾದದ್ದು ನೀರಿನಲ್ಲಿ ಹರಿದುಹೋಗುತ್ತದೆ. ಕಿಟಕಿ ಮುಚ್ಚಿ, ಹಳದಿ ಬಲ್ಬಿನ ಮಂದ ಬೆಳಕಿನಲ್ಲಿ ಸ್ಪಂಜಿನಿಂದ ಹಚ್ಚಿ. ಕತ್ತಲಲ್ಲೇ ಪೂರ್ತಿ ಒಣಗಿಸಿ. ನಾನು ಕಪಾಟಿನ ಕೆಳಗಿನ ಖಾನೆಯಲ್ಲಿ ರಾತ್ರಿಯಿಡೀ ಇಡುತ್ತಿದ್ದೆ. ಅರ್ಧ ಒಣಗಿದ ಹಾಳೆ ಬಿಸಿಲಿಗೆ ಒಯ್ದರೆ ಬರೀ ಕಲೆ.

ಒಣಗಿದ ಹಾಳೆ ಹಳದಿ ಹಸಿರಾಗಿ ಕಾಣುತ್ತದೆ. ಅದರ ಮೇಲೆ ನುಗ್ಗೆ ಸೊಪ್ಪಿನ ಒಂದು ಎಸಳು, ಜರೀಗಿಡ, ಗರಿಕೆ, ಹಳೆಯ ಲೇಸು, ಏನಾದರೂ ಇಡಿ. ಮೇಲೆ ಫೋಟೋ ಫ್ರೇಮಿನ ಗಾಜು ಇಟ್ಟು ಕ್ಲಿಪ್ ಹಾಕಿ. ಎಲೆ ಕಾಗದಕ್ಕೆ ಒತ್ತಿಕೊಂಡಷ್ಟೂ ಅಂಚು ಚೂಪಾಗಿ ಬರುತ್ತದೆ. ಮಧ್ಯಾಹ್ನದ ಬೇಸಿಗೆ ಬಿಸಿಲಾದರೆ 5ರಿಂದ 10 ನಿಮಿಷ, ಮೋಡವಿದ್ದರೆ ಅದರ ಎರಡು ಮೂರು ಪಟ್ಟು. ಮೊದಲು ಸಣ್ಣ ಪಟ್ಟಿಯ ಮೇಲೆ ಪರೀಕ್ಷೆ ಮಾಡಿ: ರಟ್ಟಿನಿಂದ ಮುಚ್ಚಿ, ಎರಡೆರಡು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ಸರಿಸಿ. ಯಾವ ಹೊತ್ತಿಗೆ ಯಾವ ನೀಲಿ ಅಂತ ಒಂದೇ ಪಟ್ಟಿಯಲ್ಲಿ ಗೊತ್ತಾಗುತ್ತದೆ. ಬಿಸಿಲಲ್ಲಿ ಹಾಳೆ ಮೊದಲು ಗಾಢ ನೀಲಿಗೆ, ಆಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೂದಿ ಬಂದರೆ ಹಾಳಾಯಿತು ಅಂತ ಎತ್ತಬೇಡಿ, ಆಗಲೇ ಹದ.

ತಣ್ಣೀರಿನಲ್ಲಿ ಅದ್ದಿ. ಹಳದಿ ನೀರು ಬಿಡುತ್ತದೆ, ನೀರು ಬದಲಿಸುತ್ತಾ 10 ನಿಮಿಷ ತೊಳೆಯಿರಿ. ಎಲೆ ಇದ್ದ ಕಡೆ ಬೆಳ್ಳಗಾಗುವವರೆಗೂ ನಿಲ್ಲಿಸಬೇಡಿ. ಸೋಪು ತಾಕಿಸಬಾರದು, ಕ್ಷಾರಕ್ಕೆ ಈ ನೀಲಿ ಕರಗುತ್ತದೆ. ನಮ್ಮ ಹಾಸ್ಟೆಲಿನ ಬೋರ್‌ವೆಲ್ ನೀರಿನಲ್ಲಿ ನನ್ನ ಮೊದಲ ಆರು ಹಾಳೆ ಮಂಕಾಗಿ ಬಂದವು. ಫಿಲ್ಟರ್ ನೀರು ಹಿಡಿದು ತಂದ ಮೇಲೆ ಸರಿಹೋಯಿತು. ಒಣಗಿದ ಮೇಲೂ ಒಂದು ದಿನ ನೀಲಿ ಗಾಢವಾಗುತ್ತಲೇ ಇರುತ್ತದೆ.

ಈ ಕೆಲಸದಲ್ಲಿ ನಿಮ್ಮ ಕೈಚಳಕಕ್ಕೆ ಜಾಗ ಕಡಿಮೆ. ಏನು ಇಡಬೇಕು, ಎಲ್ಲಿ ಇಡಬೇಕು ಎಂಬ ಆಯ್ಕೆ ಮಾತ್ರ ನಿಮ್ಮದು. ಡ್ರಾಯಿಂಗ್ ಬರುತ್ತದೋ ಇಲ್ಲವೋ ಎಂಬ ಭಯ ಇರುವವರು ಇದರಿಂದಲೇ ಶುರು ಮಾಡಲಿ ಅಂತ ನನ್ನ ಆಸೆ. ಹನ್ನೆರಡು ಅಚ್ಚು ತೆಗೆದ ಮೇಲೆ ನೀವು ಮತ್ತೆ ಮತ್ತೆ ಏನನ್ನು ಇಟ್ಟಿದ್ದೀರಿ ನೋಡಿ. ನಾನು ಎಲೆ, ಹೂವು ಬಿಟ್ಟು ಸೊಳ್ಳೆ ಪರದೆಯ ತುಂಡು, ಬಿಚ್ಚಿದ ದಾರ, ತರಕಾರಿ ಚೀಲದ ಬಲೆ ಇಡುತ್ತಿದ್ದೆ. ಆಗ ಅದಕ್ಕೊಂದು ಅರ್ಥ ಇದೆ ಅಂತ ಗೊತ್ತಿರಲಿಲ್ಲ.

ಕಸೂತಿ: ಹಿಂದೆ ಮುಂದೆ ಒಂದೇ

ಧಾರವಾಡ ಸೀಮೆಯ ಈ ಹೊಲಿಗೆಯನ್ನು ಇಳಕಲ್ ಸೀರೆಯ ಮೇಲೆ, ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ನೋಡಿರುತ್ತೀರಿ. ಗೋಪುರ, ತೇರು, ಆನೆ, ತುಳಸಿ ಕಟ್ಟೆ, ಪಲ್ಲಕ್ಕಿ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ರೂಢಿ ಇದರಲ್ಲಿ ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಆಕಾರ ಬರಬೇಕು. ಹೊಲಿಗೆ ನಾಲ್ಕು ಬಗೆ. ಗಾವಂತಿ ನೇರ ಗೆರೆಯದ್ದು, ಮುರ್ಗಿ ಮೆಟ್ಟಿಲಿನಂತೆ ಮುರಿದು ಮುರಿದು ಹೋಗುವುದು, ನೇಗಿ ನೇಯ್ದಂತೆ ಕಾಣುವುದು, ಮೆಂತಿ ಕಾಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಅಡ್ಡ ಹೊಲಿಗೆಯದ್ದು. ನೀವು ಗಾವಂತಿಯಿಂದ ಶುರು ಮಾಡಿ.

ರೇಷ್ಮೆ ಬಟ್ಟೆಯ ಎಳೆ ಎಣಿಸಲು ಪಳಗಿದ ಕಣ್ಣು ಬೇಕು. ಹೊಸಬರಿಗೆ ಮ್ಯಾಟಿ ಬಟ್ಟೆ ಒಳ್ಳೆಯದು, ಅದರ ಚೌಕಗಳು ಬರಿಗಣ್ಣಿಗೆ ಕಾಣುತ್ತವೆ. ಆರೆಳೆಯ ಕಸೂತಿ ದಾರದ ಒಂದು ಲಡಿ ತಂದು, ಅದರಲ್ಲಿ ಎರಡೆಳೆ ಮಾತ್ರ ಬಿಡಿಸಿಕೊಳ್ಳಿ. ದಾರ ಮೊಳದುದ್ದಕ್ಕಿಂತ ಜಾಸ್ತಿ ಬೇಡ, ಎಳೆದೆಳೆದು ನುಲಿ ಬಿಚ್ಚಿಕೊಳ್ಳುತ್ತದೆ.

ಶುರುವಿಗೆ ಗಂಟು ಹಾಕಬಾರದು. ತುದಿಯನ್ನು ಎರಡು ಬೆರಳಷ್ಟು ಬಿಟ್ಟು ಹೊರಡಿ, ಆಮೇಲೆ ಅದನ್ನು ಹೊಲಿಗೆಯ ಅಡಿಯಲ್ಲೇ ತೂರಿಸಬಹುದು. ಒಂದು ಚೌಕ ಮೇಲೆ, ಒಂದು ಚೌಕ ಕೆಳಗೆ, ಹೀಗೆ ಹತ್ತು ಚೌಕ ಹೋಗಿ. ಈಗ ತಿರುಗಿ ಅದೇ ದಾರಿಯಲ್ಲಿ ಬನ್ನಿ. ಹೋಗುವಾಗ ಬಿಟ್ಟ ಜಾಗ ಬರುವಾಗ ತುಂಬುತ್ತದೆ. ಬಟ್ಟೆ ತಿರುಗಿಸಿ ನೋಡಿ, ಹಿಂದೆಯೂ ಅದೇ ಗೆರೆ. ಗಾವಂತಿ ಅಂದರೆ ಇಷ್ಟೇ, ಆದರೆ ಇದರೊಳಗೆ ಒಂದು ಲೆಕ್ಕ ಇದೆ. ಗೋಪುರದ ಪಕ್ಕಕ್ಕೆ ಒಂದು ಕೊಂಬೆ ಚಾಚಬೇಕಾದರೆ, ಹೋಗುವ ದಾರಿಯಲ್ಲೇ ಆ ಕೊಂಬೆಗೆ ಹೊರಳಿ, ತುದಿ ಮುಟ್ಟಿ, ಬುಡಕ್ಕೆ ವಾಪಸ್ ಬಂದು, ಆಮೇಲೆ ಮುಂದೆ ಹೋಗಬೇಕು. ಮರೆತರೆ ಒಂದು ಚೌಕ ಖಾಲಿ ಉಳಿಯುತ್ತದೆ. ದಾರ ಹಾರಿಸಿ ಅಲ್ಲಿಗೆ ಹೋದಿರೋ, ಹಿಂಬದಿ ಕಳ್ಳತನ ಹೇಳಿಬಿಡುತ್ತದೆ.

ದೊಡ್ಡವ್ವ ನನ್ನ ಕೆಲಸದ ಮುಂಬದಿ ನೋಡುತ್ತಲೇ ಇರಲಿಲ್ಲ. 'ಹಿಂದ ತಿರುವಿ ತೋರಸು' ಅನ್ನುತ್ತಿದ್ದಳು. ಅಲ್ಲಿ ದಾರ ಅಡ್ಡ ಹಾಯ್ದಿದ್ದರೆ ಕತ್ತರಿ ಕೊಡುತ್ತಿದ್ದಳು. ನಾಲ್ಕು ಸಲ ಬಿಚ್ಚಿದ್ದೇನೆ. ಅಳು ಬಂದಿತ್ತು. ಐದನೇ ಸಲಕ್ಕೆ ಅವಳು ಏನೂ ಹೇಳದೆ ಬಟ್ಟೆ ವಾಪಸ್ ಕೊಟ್ಟು ಚಹಾ ಇಡಲು ಎದ್ದಳು. ಕಾಲೇಜಿನಲ್ಲಿ ಯಾವ ಮಾರ್ಕ್ಸೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಮೊದಲ ವಾರ ಬರೀ ಗೆರೆ, ಮೆಟ್ಟಿಲು. ಎರಡನೇ ವಾರ ಒಂದು ಸಣ್ಣ ಗೋಪುರ ಅಥವಾ ತುಳಸಿ ಕಟ್ಟೆ. ಮೂರನೇ ವಾರ ಚೌಕುಳಿ ಹಾಳೆಯ ಮೇಲೆ ನಿಮ್ಮದೇ ಆಕಾರ ಮಾಡಿ ಹೊಲಿಯಿರಿ. ಆಟೋ, ನೀರಿನ ಟ್ಯಾಂಕು, ಹಾಸ್ಟೆಲ್ ಕಿಟಕಿ. ಸೊನ್ನೆಯಂತೆ ದುಂಡಗಿರುವ ಯಾವುದೂ ಇಲ್ಲಿ ಬರುವುದಿಲ್ಲ, ಎಲ್ಲವನ್ನೂ ನೇರ ಗೆರೆ, ಓರೆ ಗೆರೆಗೆ ಇಳಿಸಬೇಕು. ಆಕಾರವನ್ನು ಸರಳ ಮಾಡುವುದು ಅಂದರೆ ಏನು ಅಂತ ತರಗತಿಯಲ್ಲಿ ಎಷ್ಟು ಕೇಳಿದರೂ ತಿಳಿಯದ್ದು ಇಲ್ಲಿ ಬೆರಳಿಗೆ ತಿಳಿಯುತ್ತದೆ.

ಇನ್ನೆರಡು, ಚಿಕ್ಕದಾಗಿ

ಲಿನೋ ಕೆತ್ತನೆ, ಅಂದರೆ ಲಿನೋಲಿಯಂ ಎಂಬ ಮೆತ್ತನೆಯ ಹಾಳೆಯನ್ನು ಕೆತ್ತಿ ಅಚ್ಚು ತೆಗೆಯುವುದನ್ನು ನಿಮ್ಮಲ್ಲಿ ಕೆಲವರು ಮಾಡಿರಬಹುದು. ಮಾಡದವರಿಗೆ: ಲಿನೋ ಹಾಳೆಯನ್ನು ಬಿಸಿಲಲ್ಲಿ ಹತ್ತು ನಿಮಿಷ ಇಟ್ಟರೆ ಮೆತ್ತಗಾಗುತ್ತದೆ. ಉಳಿ ಯಾವಾಗಲೂ ನಿಮ್ಮಿಂದ ಆಚೆಗೆ ಹೋಗಲಿ, ಹಾಳೆ ಹಿಡಿದ ಕೈ ಉಳಿಯ ಹಿಂದೆ ಇರಲಿ. ಕೆತ್ತಿದ ಜಾಗ ಬಿಳಿ, ಉಳಿದ ಜಾಗ ಬಣ್ಣ. ಕನ್ನಡ ಅಕ್ಷರ ಹಾಕುವುದಾದರೆ ತೆಳು ಕಾಗದದಲ್ಲಿ ಬರೆದು, ಮಗುಚಿ ತಿದ್ದಿಕೊಳ್ಳಿ, ಇಲ್ಲದಿದ್ದರೆ ಅಚ್ಚಿನಲ್ಲಿ ತಿರುಗುಮುರುಗು. ಪ್ರೆಸ್ ಬೇಡ. ರೋಲರಿನಿಂದ ಶಾಯಿ ಹಚ್ಚಿ, ಕಾಗದ ಇಟ್ಟು, ಮರದ ಸೌಟಿನ ಬೆನ್ನಿನಿಂದ ದುಂಡಗೆ ಉಜ್ಜಿ.

ಅಳಲೆಕಾಯಿ ಶಾಯಿಗೆ ಗ್ರಂಥಿಗೆ ಅಂಗಡಿಗೆ ಹೋಗಬೇಕು. 50 ಗ್ರಾಂ ಅಳಲೆಕಾಯಿ ಜಜ್ಜಿ, ಎರಡು ಲೋಟ ನೀರಿನಲ್ಲಿ ಅರ್ಧಕ್ಕಿಳಿಯುವಂತೆ ಕುದಿಸಿ ಸೋಸಿ. ಇನ್ನೊಂದು ಗಾಜಿನ ಬಾಟಲಿಯಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಒಂದು ವಾರ ನೆನೆಸಿಡಿ, ಮುಚ್ಚಳ ಸಡಿಲ ಇರಲಿ. ಅಳಲೆಯ ನೀರನ್ನು ಕಾಗದಕ್ಕೆ ಬಳಿದು ಒಣಗಿಸಿ, ಅದರ ಮೇಲೆ ಮೊಳೆಯ ನೀರಿನಿಂದ ಬರೆಯಿರಿ. ಬರೆಯುವಾಗ ಹೆಚ್ಚೇನೂ ಕಾಣುವುದಿಲ್ಲ. ನೋಡುತ್ತಿದ್ದಂತೆ ಗೆರೆ ಕಪ್ಪಾಗುತ್ತದೆ. ಅಳಲೆಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಇದನ್ನು ಮೊದಲ ಸಲ ನೋಡಿದಾಗ ನಾನು ರೂಮಿನವರನ್ನೆಲ್ಲ ಎಬ್ಬಿಸಿದ್ದೆ. ಕಬ್ಬಿಣದ ನೀರು ಜಾಸ್ತಿಯಾದರೆ ವರ್ಷಗಳು ಕಳೆದ ಹಾಗೆ ಕಾಗದವನ್ನೇ ತಿನ್ನುತ್ತದೆ, ಆದ್ದರಿಂದ ಉಳಿಸಿಕೊಳ್ಳಬೇಕಾದ ಕೆಲಸಕ್ಕೆ ಬೇಡ.

ಗೊತ್ತಿರುವವರ ಮನೆಗೆ ಹೋಗುವಾಗ

ಯೂಟ್ಯೂಬಿನಲ್ಲಿ ಎಲ್ಲ ಇದೆ, ನಿಜ. ಆದರೂ ಆರು ವಾರದಲ್ಲಿ ಒಂದು ದಿನ ಆ ಕೆಲಸ ಮಾಡುವವರ ಪಕ್ಕ ಕೂರಿ. ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಬರೆಯುತ್ತಾರೆ. ಆ ನಾರಿನ ಕುಂಚ ಎಷ್ಟು ಸಣ್ಣ ಗೆರೆ ಎಳೆಯುತ್ತದೆ ಅನ್ನುವುದು ಫೋಟೋದಲ್ಲಿ ತಿಳಿಯುವುದಿಲ್ಲ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗು ಒತ್ತುವಾಗ ಬರುವ ಬಿಸಿ, ವಾಸನೆ ಕೂಡ ಹಾಗೆಯೇ. ದೂರ ಹೋಗಲು ಆಗದ ಬೆಂಗಳೂರಿನವರು ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳನ್ನು ನೋಡಿ. ಚರ್ಮದಲ್ಲಿ ಕೊರೆದ ಆ ತೂತುಗಳನ್ನು ನೋಡಿದರೆ ಬೆಳಕನ್ನೂ ಬಣ್ಣದಂತೆ ಬಳಸಬಹುದು ಅಂತ ಹೊಳೆಯುತ್ತದೆ.

ಹೋಗುವ ಮುಂಚೆ ಹೇಳಿ ಹೋಗಿ. ಅವರಿಗೆ ಅದು ಹವ್ಯಾಸವಲ್ಲ, ಬದುಕು. ಅವರ ಅರ್ಧ ದಿನ ತೆಗೆದುಕೊಂಡರೆ ಅದಕ್ಕೆ ದುಡ್ಡು ಕೊಡಿ, ಇಲ್ಲವೇ ಅವರು ಮಾಡಿದ ಒಂದು ವಸ್ತು ಕೊಳ್ಳಿ. ಫೋಟೋ, ವಿಡಿಯೋ ಕೇಳಿಯೇ ತೆಗೆಯಿರಿ. ಅವರ ವಿನ್ಯಾಸವನ್ನು ತಂದು ನಿಮ್ಮ ಸಬ್ಮಿಷನ್ ಮಾಡಿದರೆ ಯಾರಿಂದ ಕಲಿತದ್ದು ಅಂತ ಹೇಳಿ. ನಾವು ವಿದ್ಯಾರ್ಥಿಗಳು ಇದನ್ನು ತುಂಬ ಸಲ ಮರೆಯುತ್ತೇವೆ, ಮರೆಯಬಾರದು.

ನೆಲದ ಮೇಲೆ ಹರಡಿ

ಆರು ವಾರ ಮುಗಿದ ಭಾನುವಾರ ಮಾಡಿದ್ದೆಲ್ಲವನ್ನೂ ನೆಲದ ಮೇಲೆ ಹರಡಿ. ಹಾಳಾದದ್ದನ್ನೂ. ಇದಕ್ಕೇ ಆರು ವಾರವೂ ಏನನ್ನೂ ಬಿಸಾಡಬೇಡಿ. ಪಕ್ಕದಲ್ಲಿ ನೋಟ್‌ಬುಕ್ ಇರಲಿ.

ಮೊದಲು ಹೊತ್ತಿನ ಲೆಕ್ಕ ನೋಡಿ. ಗಂಟೆ ಮೀರಿ ಕೂತ ದಿನಗಳಿಗೆ ಗುರುತು ಹಾಕಿ. ಆ ದಿನಗಳಲ್ಲಿ ಕೈ ಏನು ಮಾಡುತ್ತಿತ್ತು? ಎಣಿಸುತ್ತಿತ್ತೋ, ಕೆತ್ತುತ್ತಿತ್ತೋ, ಜೋಡಿಸುತ್ತಿತ್ತೋ, ಕಾಯುತ್ತಿತ್ತೋ? ವಸ್ತುವಿನ ಹೆಸರು ಬರೆಯಬೇಡಿ, ಕ್ರಿಯೆ ಬರೆಯಿರಿ. ಲಿನೋ ನಿಮಗೆ ಇಷ್ಟ ಅನ್ನುವುದರಿಂದ ಅಷ್ಟೇನೂ ಗೊತ್ತಾಗುವುದಿಲ್ಲ. ನನ್ನ ಗೆಳತಿಯೊಬ್ಬಳು ಮೂರು ವಾರದಲ್ಲಿ ಐದು ಲಿನೋ ಕೆತ್ತಿದಳು, ಒಂದರದ್ದೂ ಅಚ್ಚು ತೆಗೆಯಲಿಲ್ಲ. ಸೋಮಾರಿತನ ಅಂದುಕೊಂಡಿದ್ದೆವು. ನೆಲದ ಮೇಲೆ ಐದೂ ಹಲಗೆ ಸಾಲಾಗಿ ಇಟ್ಟಾಗ ಅವಳಿಗೇ ತಿಳಿಯಿತು. ಅವಳಿಗೆ ಬೇಕಾದದ್ದು ಚಿತ್ರವಲ್ಲ, ತೆಗೆದುಹಾಕುವ ಕೆಲಸ. ಮುಂದಿನ ತಿಂಗಳು ಮರದ ತುಂಡು ಹಿಡಿದಳು, ಇನ್ನೂ ಬಿಟ್ಟಿಲ್ಲ.

ಆಮೇಲೆ ತಪ್ಪಿಸಿಕೊಂಡದ್ದನ್ನು ನೋಡಿ. ಯಾವ ಹಂತಕ್ಕೆ ಬಂದಾಗ ಎದ್ದು ಹೋಗುತ್ತಿದ್ದಿರಿ? ನನ್ನ ಪುಸ್ತಕದಲ್ಲಿ 15 ನಿಮಿಷ, 20 ನಿಮಿಷ ಅಂತ ಇದ್ದ ದಿನಗಳೆಲ್ಲ ಬಣ್ಣ ಆರಿಸಬೇಕಾದ ದಿನಗಳು. ಗಂಟೆ ದಾಟಿದವೆಲ್ಲ ಎಣಿಕೆಯ ದಿನಗಳು. ನೀಲಿ ಅಚ್ಚಿನಲ್ಲಿ ಬಲೆ, ಬಟ್ಟೆಯ ಮೇಲೆ ಚೌಕ. ಎರಡು ಕಡೆಯೂ ಗೆರೆ, ಗೆರೆಯ ನಡುವಿನ ಖಾಲಿ. ಪೇಂಟಿಂಗ್ ಅಂದರೆ ಬಣ್ಣ ಅಂತ ನಾನೇ ಅಂದುಕೊಂಡು, ನನಗೆ ಬಾರದ ಬಣ್ಣದ ಜೊತೆ ಎರಡು ವರ್ಷ ಗುದ್ದಾಡಿದ್ದೆ. ವಿಷಯ ಬದಲಿಸಲಿಲ್ಲ. ಕ್ಯಾನ್ವಾಸಿನ ಮೇಲೆ ಬೂದು ಬಣ್ಣ ಬಳಿದು, ಅದರ ಎಳೆ ಎಣಿಸಿ ದಾರ ಹೊಲಿಯಲು ಶುರು ಮಾಡಿದೆ. ಇದು ಪೇಂಟಿಂಗ್ ಅಲ್ಲ ಅಂದವರೂ ಇದ್ದರು. ಕೊನೆಯ ವರ್ಷದ ಪ್ರದರ್ಶನಕ್ಕೆ ಅವನ್ನೇ ಇಟ್ಟೆ.

ನಿಮಗೆ ಹೀಗೆ ಸ್ಪಷ್ಟವಾಗಿ ಏನೂ ಕಾಣದಿದ್ದರೆ ಗಾಬರಿ ಬೇಡ. ಇನ್ನೊಂದು ನೋಟ್‌ಬುಕ್ ಹೊಲಿದು ಬೇರೆ ಎರಡು ಹಿಡಿಯಿರಿ. ಮೂರು ವಾರ ಮಾಡಿಯೂ ಸೇರದ್ದನ್ನು ಮುಲಾಜಿಲ್ಲದೆ ಬಿಡಿ, ಉಳಿದ ಸಾಮಾನು ಜೂನಿಯರ್‌ಗಳಿಗೆ ಕೊಡಿ. ಉಳಿದ ರಾಸಾಯನಿಕವನ್ನು ಮಾತ್ರ ಸಿಂಕಿಗೆ ಸುರಿಯಬೇಡಿ, ಕಾಲೇಜಿನ ಲ್ಯಾಬಿನವರನ್ನು ಕೇಳಿ ಅವರ ಕೈಗೆ ಕೊಡಿ.

ಕೊನೆಗೆ ಆ ನೋಟ್‌ಬುಕ್ಕನ್ನು, ನೀವು ಕಾಲೇಜು ಸೇರುವ ಮೊದಲಿನಿಂದ ನಿಮ್ಮನ್ನು ಬಲ್ಲ ಒಬ್ಬರಿಗೆ ತೋರಿಸಿ. ಮೇಷ್ಟ್ರಿಗಲ್ಲ, ಸಹಪಾಠಿಗೂ ಅಲ್ಲ. ನಾನು ಅವ್ವನಿಗೆ ತೋರಿಸಿದೆ. ಅವಳು ಪುಟ ತಿರುವಿ, ಕಸೂತಿಯ ಬಟ್ಟೆ ಮುಟ್ಟಿ ನೋಡಿ, 'ಐದನೇತ್ತದಾಗ ಗಣಿತದ ಪುಸ್ತಕದ ಅಂಚಿನ ತುಂಬ ಚುಕ್ಕಿ ಇಟ್ಟು ರಂಗೋಲಿ ಹಾಕ್ತಿದ್ದಿ, ನೆನಪೈತೇನು? ಲೆಕ್ಕ ಮಾಡೂ ಜಾಗದಾಗ ಚುಕ್ಕಿ ಎಣಿಸ್ಕೋತ ಕುಂದರತಿದ್ದಿ' ಅಂದಳು. ನನಗೆ ನೆನಪೇ ಇರಲಿಲ್ಲ. ಅಟ್ಟ ಹತ್ತಿ ಹುಡುಕಿದೆವು. ಆ ಪುಸ್ತಕ ಎಂದೋ ರದ್ದಿಗೆ ಹೋಗಿತ್ತು. ಸಂಜೆ ಅವ್ವ ಅಂಗಳದಲ್ಲಿ ಹದಿನೈದು ಚುಕ್ಕಿಯ ಸಾಲು ಇಟ್ಟು ತೋರಿಸಿದಳು, ನಾನು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನು ಇಳಿಸಿಕೊಂಡೆ.